ಎಡಗಡೆಯ ಮಾನಿಟರ್

"ಎಲ್ಲಿ ಹೋಯ್ತು ಇದು?"

ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಇನ್ನೊಬ್ಬರು ಇದ್ದಿದ್ದರೆ ಅವನು ಹೀಗೆ ಬಾಯಿಬಿಟ್ಟು ಕೇಳುತ್ತಲೂ ಇರಲಿಲ್ಲ. ನಾಲ್ಕು ತಿಂಗಳಿಂದ ಅವನು ತನ್ನ ಬಾಯಿಯನ್ನೇ ಕಾವಲು ಕಾಯುತ್ತಿದ್ದ. ಕೆಳಗೆ ಡಿಪೋದ ಅಂಗಳದಲ್ಲಿ ಬಸ್ಸುಗಳು ಒಂದರ ಹಿಂದೊಂದು ಗುರುಗುಟ್ಟುತ್ತಿದ್ದವು, ಅದಕ್ಕೆ ಕಿಟಕಿಯ ಗಾಜು ಸಣ್ಣಗೆ ಅದುರುತ್ತಿತ್ತು. ಆ ಬಸ್ಸುಗಳಷ್ಟೂ ಸೋಮವಾರದಿಂದ ಯಾವ ನಿಲ್ದಾಣವನ್ನು ಯಾವ ನಿಮಿಷಕ್ಕೆ ಬಿಡಬೇಕು ಎಂದು ಹೇಳುವ ಹೊಸ ವೇಳಾಪಟ್ಟಿ, ನಿನ್ನೆ ಸಂಜೆ ಬಲಗಡೆಯ ಮಾನಿಟರಿನಲ್ಲಿ ಮೈತುಂಬ ಹರಡಿಕೊಂಡು ಕೂತಿದ್ದದ್ದು, ಇವತ್ತು ಅಲ್ಲಿರಲಿಲ್ಲ. ಮೂರು ಕೀ ಒಟ್ಟಿಗೆ ಒತ್ತಿದ. ಹಾಗೆ ಒತ್ತಿದರೆ ಯಾವ ವಿಂಡೋ ಎಲ್ಲಿದ್ದರೂ ಹಾರಿಬಂದು ಬಲಗಡೆ ಕೂರಬೇಕು. ಬರಲಿಲ್ಲ. ಇನ್ನೊಮ್ಮೆ ಒತ್ತಿದ, ಮಲಗಿದ ಮಗುವನ್ನು ಎಬ್ಬಿಸುವವನ ಹಾಗೆ ಮೆತ್ತಗೆ, ಆಮೇಲೆ ಸಿಟ್ಟಿನಿಂದ.

ಅವನ ಮೇಜಿನ ಮೇಲೆ ಎರಡು ಕಂಪ್ಯೂಟರು, ಮೂರು ಮಾನಿಟರು. ಎಡಗಡೆಯ ಮಾನಿಟರು ಹಳೆಯ ಕಂಪ್ಯೂಟರಿನದು. ಚಾಲಕರ ಪಾಳಿಗಳು ಒಂದರ ಮೇಲೊಂದು ಬಿದ್ದಿವೆಯೇ, ನಡುವೆ ವಿಶ್ರಾಂತಿ ಸಾಕಷ್ಟಿದೆಯೇ ಎಂದು ತಪಾಸಣೆ ಮಾಡುವ ಪ್ರೋಗ್ರಾಮು ಅದರಲ್ಲಿ ಮಾತ್ರ ಓಡುತ್ತದೆ. ನಡುವಿನದೂ ಬಲಗಡೆಯದೂ ಹೊಸ ಕಂಪ್ಯೂಟರಿನವು. ಎರಡಕ್ಕೂ ಸೇರಿ ಒಂದೇ ಮೌಸು, ಒಂದೇ ಕೀಬೋರ್ಡು. ಹೋದ ವರ್ಷ ಹಾಕಿಕೊಟ್ಟ ಸಾಫ್ಟ್‌ವೇರು ಎರಡು ಯಂತ್ರಗಳನ್ನೂ ಅಕ್ಕಪಕ್ಕದ ಕೋಣೆ ಮಾಡಿಬಿಟ್ಟಿತ್ತು: ಬಾಣದ ಗುರುತನ್ನು ನಡು ಮಾನಿಟರಿನ ಎಡ ಅಂಚಿಗೆ ತಳ್ಳಿದರೆ ಅದು ಹೊಸ್ತಿಲು ದಾಟಿ ಹಳೆಯ ಕಂಪ್ಯೂಟರಿಗೆ ಹೋಗುತ್ತದೆ, ಕೀಬೋರ್ಡೂ ಅದರ ಬೆನ್ನಿಗೆ ಹೋಗುತ್ತದೆ. ಯಾವ ವಿಂಡೋ ಎಲ್ಲಿ, ಎಷ್ಟು ಅಗಲ, ಯಾವುದರ ಮೇಲೆ ಯಾವುದು ಎಂದು ಒಮ್ಮೆ ಹೇಳಿಕೊಟ್ಟರೆ ನೆನಪಿಟ್ಟುಕೊಂಡು ದಿನಾ ಬೆಳಿಗ್ಗೆ ಹಾಗೆಯೇ ಜೋಡಿಸಿ ಕೊಡುತ್ತದೆ. ಅವನು ಅದಕ್ಕೆ ಹೇಳಿಕೊಟ್ಟದ್ದು ಒಂದೇ ಮಾತು, ಎಲ್ಲವೂ ಬಲಕ್ಕೆ. ಹಳೆಯ ಕಂಪ್ಯೂಟರಿನ ತಪಾಸಣೆಯ ಪಟ್ಟಿಯನ್ನು ಕೂಡ ಒಂದು ಸಣ್ಣ ವಿಂಡೋ ಮಾಡಿ ಎಳೆತಂದು, ಬಲಗಡೆಯ ಮೂಲೆಯಲ್ಲಿ, ವೇಳಾಪಟ್ಟಿಯ ಪಕ್ಕೆಗೆ ಸಿಕ್ಕಿಸಿಟ್ಟಿದ್ದ. ನಿನ್ನೆ ಆಫೀಸು ಬಾಗಿಲು ಹಾಕಿದ ಮೇಲೆ ಸಾಫ್ಟ್‌ವೇರನ್ನು ಯಾರೋ ಹೊಸದು ಮಾಡಿದ್ದರು. ಅದು ಹೇಳಿಕೊಟ್ಟದ್ದನ್ನೆಲ್ಲ ಮರೆತು, ನಾಲ್ಕು ತಿಂಗಳ ಹಿಂದಿನ ಅಭ್ಯಾಸಕ್ಕೆ ಮರಳಿ, ಎಲ್ಲವನ್ನೂ ಎತ್ತಿ ಎಡಕ್ಕೆ ಹಾಕಿಬಿಟ್ಟಿತ್ತು.

ಎಡಕ್ಕೆ ಎಂದರೆ ಇಲ್ಲದ ಕಡೆಗೆ. "ಅಲ್ಲಿ ಕತ್ತಲೆ ಕಾಣ್ಸುತ್ತಾ?" ಎಂದು ಡಾಕ್ಟರು ಕೇಳಿದ್ದರು. ಕತ್ತಲೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಇಲ್ಲಿಂದ ಕತ್ತಲೆ ಶುರು ಎಂದು ಗೆರೆ ಎಳೆದುಕೊಳ್ಳಬಹುದಿತ್ತು. "ನಿಮ್ಮ ಬೆನ್ನ ಹಿಂದೆ ಈಗ ಏನು ಕಾಣ್ತಾ ಇದೆ? ಹಾಗೆ ಅದು," ಎಂದಿದ್ದರು ಡಾಕ್ಟರು. "ಕಣ್ಣಿಗೆ ಏನೂ ಆಗಿಲ್ಲ. ಮಿದುಳಲ್ಲಿ ಒಂದು ಸಣ್ಣ ನಾಳ ಕಟ್ಟಿತ್ತು, ಅಷ್ಟೇ. ಕತ್ತು ತಿರುಗಿಸಿ ನೋಡೋದು ಕಲೀಬೇಕು. ಕಲಿತೀರಿ. ಆಫೀಸಿಗೆ ಈ ಕಾಗದ ಕೊಡಿ." ಕಾಗದ ಈಗಲೂ ಚೀಲದ ಒಳಜೇಬಿನಲ್ಲೇ ಇದೆ, ಮಡಿಕೆಯ ಗುಂಟ ಹರಿಯುತ್ತ ಬಂದಿದೆ. ಆಫೀಸಿಗೆ ಬೆನ್ನುನೋವು ಎಂದು ರಜೆ ಹಾಕಿದ್ದ. ಆಸ್ಪತ್ರೆಯ ಮಂಚದಲ್ಲಿ ಮಲಗಿ ಅವನು ದೇವರಲ್ಲಿ ಬೇಡಿಕೊಂಡದ್ದು ದೃಷ್ಟಿಯನ್ನಲ್ಲ. ಯಾರಿಗೂ ಗೊತ್ತಾಗದ ಹಾಗೆ ಮಾಡು ಎಂದು. ಆ ಪ್ರಾರ್ಥನೆ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ, ಏನು ಬೇಕಾದರೂ ಕೊಡಬಲ್ಲವನ ಮುಂದೆ ನಿಂತು ಹರಿದ ಚಾಪೆ ಕೇಳಿದ ಹಾಗೆ. ಮನೆಗೆ ಬಂದ ಮೊದಲ ಸಂಜೆ ಅಮ್ಮನ ಪದ್ಯದ ನೋಟುಬುಕ್ಕು ತೆರೆದಿದ್ದ. ಅಮ್ಮ ಓದುತ್ತಿದ್ದಾಗ ಇವನು ನೆಲದ ಮೇಲೆ ಕೂತು ಕೇಳುವವನು, ಅವಳು ಬೆರಳೆತ್ತಿದರೆ ಪುಟ ತಿರುಗಿಸುವವನು. ಅರ್ಥ ಆಗುವ ಮೊದಲೇ ಪ್ರಾಸ ಕಿವಿಗೆ ಹತ್ತಿತ್ತು, ಪ್ರತಿ ಸಾಲಿನ ಎರಡನೆಯ ಅಕ್ಷರ ಮುಂದಿನ ಸಾಲಿನ ಎರಡನೆಯದರ ಕೈ ಹಿಡಿಯಬೇಕು. ಆ ಸಂಜೆ ಒಂದೂ ಹಿಡಿಯಲಿಲ್ಲ. ಸಾಲುಗಳೆಲ್ಲ ನಡುವಿನಿಂದ ಶುರುವಾಗುತ್ತಿದ್ದವು. ಅಮ್ಮ ನಕಲು ಮಾಡುವಾಗ ತಪ್ಪಿದ್ದಾಳೆ, ವಯಸ್ಸಾಗಿತ್ತು ಪಾಪ ಎಂದುಕೊಂಡ. ಇಡೀ ಒಂದು ಸಂಜೆ, ತೀರಿಹೋದ ಅಮ್ಮನ ಮೇಲೆ ತಪ್ಪು ಹೊರಿಸಿ ಅವನು ಅವಳಿಗೆ ಮರುಕಪಡುತ್ತ ಕೂತಿದ್ದ. ಹೆಂಡತಿ ಬಂದು, ಅವನ ಗಲ್ಲ ಹಿಡಿದು ಎಡಕ್ಕೆ ತಿರುಗಿಸಿದಳು. ಪ್ರತಿ ಸಾಲಿನ ಮೊದಲ ಎರಡೆರಡು ಪದ, ಅಲ್ಲೇ ಇದ್ದವು. ಅವತ್ತಿಂದ ಊಟಕ್ಕೆ ಅವಳು ಅವನ ಬಲಗಡೆ ಕೂರುತ್ತಾಳೆ. "ಎಡಗಡೆ ಕೂತ್ರೆ ನಾನು ಇಲ್ಲವೇ ಇಲ್ಲ ಅಂತ ಆಗತ್ತೆ. ಬೇಕಾದ್ರೆ ನಿಮ್ಮ ತಟ್ಟೇದೂ ನಾನೇ ತಿನ್ಬಹುದು," ಎಂದು ನಗುತ್ತಾಳೆ. ನಕ್ಕು ಆದ ಮೇಲೆ, "ಹೇಳ್ಬಿಡಿ ಅಂದ್ರೆ ಆಫೀಸಲ್ಲಿ. ನೀವೇನು ಕಳ್ಳತನ ಮಾಡಿದೀರಾ?" ಎನ್ನುತ್ತಾಳೆ.

ಅವಳಿಗೆ ಗೊತ್ತಿಲ್ಲ. ಹೇಳಿದವರನ್ನು ಎಲ್ಲಿ ಕೂರಿಸುತ್ತಾರೆ ಎಂದು ಇವನಿಗೆ ಗೊತ್ತು. ಕೈ ನಡುಗತೊಡಗಿದ ಹಿರಿಯ ಗುಮಾಸ್ತರೊಬ್ಬರನ್ನು ಕೆಳಗಿನ ಮಹಡಿಯಲ್ಲಿ, ಬಸ್ಸಿನಲ್ಲಿ ಕಳೆದುಹೋದ ವಸ್ತುಗಳ ಕೌಂಟರಿಗೆ ಹಾಕಿದರು. ಲಘು ಕೆಲಸ ಎಂದು ಅದಕ್ಕೆ ಹೆಸರು. ಅವರು ದಿನವಿಡೀ ಕೊಡೆಗಳ ನಡುವೆ ಕೂತಿರುತ್ತಿದ್ದರು. ಇಪ್ಪತ್ತಾರು ವರ್ಷ ಈ ಊರಿನ ನಿಮಿಷಗಳನ್ನು ಜೋಡಿಸಿದವನು, ಪಟ್ಟಿ ಮೇಷ್ಟ್ರು ಎಂದು ಡಿಪೋಗೆ ಡಿಪೋನೇ ಕರೆಯುವವನು, ಕೊಡೆ ಕಾಯುವುದೇ? ಎದುರು ಮೇಜಿನ ಪಾಳಿ ಅಕ್ಕನನ್ನೇ ನೋಡು. ಚಾಲಕರಿಗೆ ಪಾಳಿ ಹಂಚುವವಳು ಅವಳು. ನಾಲ್ಕು ತಿಂಗಳ ಹಿಂದೆ ಒಂದು ಭಾನುವಾರದ ಪಾಳಿಗೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಅಲ್ಲಿಂದ ಅವಳು ಎಲ್ಲರಿಗೂ ಟೀ ತಂದುಕೊಟ್ಟು ಇವನಿಗೆ ಮಾತ್ರ ತರುವುದು ಬಿಟ್ಟಳು. ಒಂದು ಲೋಟ ಟೀ. ಕೇಳಿದರೆ ಕೊಡುತ್ತಾಳೆ, ಆದರೆ ಕೇಳುವುದು ಹೇಗೆ? ದಿನಾ ಹನ್ನೊಂದು ಗಂಟೆಗೆ ಲೋಟಗಳ ಸದ್ದು ಬರುತ್ತದೆ, ಅವನು ಪರದೆಯ ಮೇಲಿಂದ ಕಣ್ಣು ತೆಗೆಯದೆ, ತನಗೆ ಟೀ ಬೇಡವಾದ ಮುಖ ಮಾಡಿಕೊಂಡು ಕೂರುತ್ತಾನೆ. ಹಾಗೆ ಮುಖ ಮಾಡುವುದಕ್ಕೂ ಶ್ರಮ ಬೇಕು, ಸಂಜೆಯ ಹೊತ್ತಿಗೆ ದವಡೆ ನೋಯುತ್ತದೆ. ಕಾಣದ್ದಕ್ಕಿಂತ ಹೆಚ್ಚಾಗಿ ಈ ಟೀ ಅವನನ್ನು ತಿಂದಿತ್ತು. ತಾನಿಲ್ಲದೆಯೂ ಈ ಕೋಣೆ ನಡೆಯುತ್ತದೆ ಎಂದು ಅದು ದಿನಾ ಹನ್ನೊಂದಕ್ಕೆ ಹೇಳಿ ಹೋಗುತ್ತಿತ್ತು.

ಬಾಣದ ಗುರುತು ಎಲ್ಲಿ? ಮೌಸನ್ನು ಗಿರಗಿರ ಆಡಿಸಿದ. ಸಂಜೆ ನಾಲ್ಕಕ್ಕೆ ಪಟ್ಟಿಗೆ ಸಹಿಯಾಗಬೇಕು. ಇವತ್ತು ಹೇಳಿಬಿಡುತ್ತೇನೆ ಎಂದು ಇದ್ದಕ್ಕಿದ್ದ ಹಾಗೆ ಅನ್ನಿಸಿತು, ಧೈರ್ಯದಿಂದಲ್ಲ, ದಣಿವಿನಿಂದ. ಬಾಣ ಸಿಕ್ಕಿತು; ಮುಖ್ಯಸ್ಥರಿಗೆ ಪತ್ರದ ವಿಂಡೋ ತೆರೆದು, ಮೌಸನ್ನು ಎಡಕ್ಕೆ ತಳ್ಳಿ ಕೀಬೋರ್ಡನ್ನು ಹತ್ತಿರ ಎಳೆದುಕೊಂಡ. ಮಾನ್ಯರೇ ಎಂದು ಬಡಿದು, ಒಂದೇ ಉಸಿರಿಗೆ ಆ ವಾಕ್ಯವನ್ನೂ ಬಡಿದ. ಎದುರಿಗೆ ಒಂದು ಅಕ್ಷರವೂ ಮೂಡಲಿಲ್ಲ. ಕೀಬೋರ್ಡು ಕೆಟ್ಟಿತೇನೋ ಎಂದು ಮತ್ತೆ ಬಡಿದ, ಮೂರನೆಯ ಸಲ ಒಂದೊಂದೇ ಅಕ್ಷರ ಒತ್ತಿ ಒತ್ತಿ ಬಡಿದ. ಹಾಳೆ ಬೆಳ್ಳಗೇ ಇತ್ತು. ಅವನಿಗೆ ಒಳಗೊಳಗೇ ಖುಷಿಯಾಯಿತು, ನಾನು ಹೇಳಿದೆ, ಅದು ತಗೊಳ್ಳಲಿಲ್ಲ, ಇನ್ನೇನು ಮಾಡಲಿ? ಕೈ ಕಟ್ಟಿ ಹಿಂದಕ್ಕೆ ಒರಗಿದ. ಹೊರಗೆ ಲೋಟಗಳ ಸದ್ದು. ಅವನು ಟೀ ಬೇಡವಾದ ಮುಖ ಮಾಡಿಕೊಂಡ.

"ಏನ್ರೀ ಇದು, ಮೇಷ್ಟ್ರೇ?"

ದನಿ ಎಲ್ಲಿಂದಲೋ ಬಂತು, ಅಂದರೆ ಎಡದಿಂದ. ಪಾಳಿ ಅಕ್ಕ.

"ಯಾವುದು?"

"ಇಲ್ಲಿ, ಚಾಲಕರನ್ನ ಹುಡುಕೋ ಜಾಗದಲ್ಲಿ. 'ಮಾನ್ಯರೇ, ನನಗೆ ಎಡಗಡೆ ಕಾಣುವುದಿಲ್ಲ. ನನಗೆ ಎಡಗಡೆ ಕಾಣುವುದಿಲ್ಲ.' ಮತ್ತೊಂದು ಸಲ ಅದೇ. ಕೆಳಗೆ ಪ್ರೋಗ್ರಾಮು ಹೇಳ್ತಾ ಇದೆ, ಈ ಹೆಸರಿನ ಚಾಲಕರು ಯಾರೂ ಇಲ್ಲ ಅಂತ."

ಬಾಣ ಹೊಸ್ತಿಲು ದಾಟಿ ಹೋಗಿತ್ತು. ಕೀಬೋರ್ಡು ಅದರ ಹಿಂದೆ ಹೋಗಿತ್ತು. ಅವನು ನಾಲ್ಕು ತಿಂಗಳು ಅಡಗಿಸಿಟ್ಟದ್ದು ಬಾಗಿಲಿಗೆ ಎದುರಾಗಿರುವ ಆ ಮಾನಿಟರಿನ ಮೇಲೆ, ಬಂದವರೆಲ್ಲ ಓದುವಷ್ಟು ದಪ್ಪಕ್ಷರದಲ್ಲಿ, ಚಾಲಕನೊಬ್ಬನ ಹೆಸರಿನ ಹಾಗೆ ನಿಂತಿತ್ತು. ಏನಾದರೂ ಹೇಳಬೇಕು, ತಮಾಷೆ ಎನ್ನಬೇಕು.

ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. ಆಮೇಲೆ, ತೀರ ಬೇರೆ ದನಿಯಲ್ಲಿ, "ಅದಕ್ಕೇನಾ ನೀವು ಟೀ ಕುಡೀತಾ ಇರ್ಲಿಲ್ಲ?" ಎಂದಳು.

"ಯಾವ ಟೀ?"

"ಯಾವ ಟೀ ಅಂದ್ರೆ! ದಿನಾ ಇಡ್ತೀನಲ್ಲ, ಇಲ್ಲಿ, ನಿಮ್ಮ ಈ ಕೈ ಹತ್ರ."

ಅವನು ಕತ್ತು ತಿರುಗಿಸಿದ. ಮೊದಲು ಮೇಜಿನ ಅಂಚು ಬಂತು, ಆಮೇಲೆ ತನ್ನದೇ ಎಡಗೈ, ಆಮೇಲೆ ಲೋಟ. ನಿನ್ನೆಯದು. ಮೇಲೆ ಕೆನೆ ಸುಕ್ಕುಗಟ್ಟಿತ್ತು.

"ಪಾಳಿ ಜಗಳ ಆದ್ಮೇಲೆ ನನ್ನ ಕೈ ಟೀ ಕೂಡ ಬೇಡವಾಯ್ತು ನಿಮಗೆ ಅಂದ್ಕೊಂಡೆ," ಎಂದಳು ಅಕ್ಕ. "ದಿನಾ ಸಂಜೆ ಸಿಂಕಿಗೆ ಸುರೀವಾಗ ನಿಮ್ಮನ್ನ ಬೈಕೊಂಡೇ ಸುರೀತಿದ್ದೆ. ನಿನ್ನೆ ಬೇಗ ಹೋಗಿದ್ದೆ, ಅದಕ್ಕೇ ಇದು ಉಳೀತು."

"ನೀವು ಕೊಡೋದು ನಿಲ್ಲಿಸಿದ್ರಿ ಅಂತ ನಾನು..."

"ಕೇಳೋಕೇನು ಬಾಯಿ ಇರ್ಲಿಲ್ವಾ?"

"ಇತ್ತು. ಆದ್ರೂ ನೀವು ಯಾಕೆ ಇಡ್ತಾ ಇದ್ರಿ? ನಾನು ಮುಟ್ಟಲ್ಲ ಅಂತ ಗೊತ್ತಿದ್ರೂ?"

"ಹಠ. ನಿಮಗೆ ಮಾತ್ರ ಇರೋದಾ ಅದು?"

ಅವನಿಗೆ ನಗು ಬಂತು, ಅದು ಅರ್ಧಕ್ಕೇ ನಿಂತಿತು. ಲೋಟ ನೋಡಲು ತಿರುಗಿಸಿದ ಕತ್ತು ಹಾಗೇ ಇನ್ನಷ್ಟು ತಿರುಗಿ ಎಡಗಡೆಯ ಮಾನಿಟರಿಗೆ ಹೋಗಿತ್ತು. ನಾಲ್ಕು ತಿಂಗಳಲ್ಲಿ ಮೊದಲ ಸಲ ತಪಾಸಣೆಯ ಪಟ್ಟಿಯನ್ನು ಅವನು ಇಡಿಯಾಗಿ ನೋಡುತ್ತಿದ್ದ. ಮೊಟ್ಟಮೊದಲ ಕಾಲಮ್ಮಿನಲ್ಲಿ, ಎಲ್ಲ ಸಾಲುಗಳಿಗೂ ಎಡಕ್ಕೆ, ವಿಶ್ರಾಂತಿ ಸಾಲದು ಎನ್ನುವ ಒಂದು ಕೆಂಪು ಚೌಕ. ತಾನು ಮೂಲೆಗೆ ಸಿಕ್ಕಿಸಿಟ್ಟಿದ್ದ ಸಣ್ಣ ವಿಂಡೋದಲ್ಲಿ ಆ ಕಾಲಮ್ಮು ವೇಳಾಪಟ್ಟಿಯ ಅಡಿಗೆ ಹೋಗಿತ್ತು, ಹಾಸಿಗೆಯ ಅಂಚನ್ನು ಚಾಪೆಯ ಅಡಿಗೆ ಸೇರಿಸಿದ ಹಾಗೆ, ಅಚ್ಚುಕಟ್ಟಾಗಿ. ಎರಡು ಸಲ, ಎರಡು ತಿಂಗಳಿಗೊಂದರಂತೆ, ಕೆಂಪು ಇಲ್ಲ ಎಂದು ಸಹಿ ಹಾಕಿದ್ದ. ನಲವತ್ತೇಳನೆಯ ಪಾಳಿ, ಮುಗಿಯುವುದು ರಾತ್ರಿ ಹನ್ನೊಂದಕ್ಕೆ, ಅದೇ ಚಾಲಕಿಯ ಮರುದಿನದ ಪಾಳಿ ಬೆಳಿಗ್ಗೆ ನಾಲ್ಕು ನಲವತ್ತಕ್ಕೆ. ಮನೆಗೆ ಹೋಗಿ ಬರುವುದನ್ನು ಕಳೆದರೆ ನಿದ್ದೆಗೆ ಮೂರೂವರೆ ಗಂಟೆ.

"ಇದು ಗುಡುಗಮ್ಮನ ಪಾಳಿ," ಎಂದ. ಅವನ ದನಿ ಅವನಿಗೇ ದೂರದಿಂದ ಕೇಳಿತು.

ಗುಡುಗಮ್ಮ ಎಂದು ಡಿಪೋ ಅವಳನ್ನು ಕರೆಯುವುದು ಅವಳ ಗಂಟಲಿಗೆ. ಮೂರು ವಾರದ ಕೆಳಗೆ ನಸುಕಿನಲ್ಲಿ ಬಸ್ಸು ಹೊರಗೆ ತೆಗೆಯುವಾಗ ಗೇಟಿನ ಕಂಬಕ್ಕೆ ಉಜ್ಜಿದಳು. ಅಜಾಗರೂಕತೆ ಎಂದು ಮೆಮೊ ಕೊಟ್ಟರು. ಈ ಕೋಣೆಯ ಹೊರಗೇ ನಿಂತು, "ನಿದ್ದೆ ಸಾರ್, ನಿದ್ದೆ ಬಂದಿತ್ತು, ಪಾಳಿ ನೋಡಿ ಒಂದ್ಸಲ," ಎಂದು ಅವಳು ಕೂಗಿದ್ದು ಎರಡು ಮಹಡಿಗೂ ಕೇಳಿಸಿತ್ತು. ಯಾರೋ, ರಾತ್ರಿಯೆಲ್ಲ ಸಿನಿಮಾ ನೋಡಿರ್ಬೇಕು ಅಂದರು. ಎಲ್ಲರೂ ನಕ್ಕರು. ಇವನೂ ನಕ್ಕಿದ್ದ. ಅಷ್ಟೇ ಆಗಿದ್ದರೆ ಬೇರೆ. ಮುಖ್ಯಸ್ಥರು ಕೇಳಿದಾಗ, ತಪಾಸಣೆಯಲ್ಲಿ ಏನೂ ಇಲ್ಲ ಸಾರ್ ಎಂದು ಇವನೇ ಹೇಳಿದ್ದ, ಬಲಗಡೆಯ ಮೂಲೆಯತ್ತ ಬೆರಳು ತೋರಿಸಿ. ಅವನು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳದೆಯೇ ಇಷ್ಟು ಕೆಟ್ಟದ್ದು ಮಾಡಬಹುದು ಎಂದು ಅವನಿಗೆ ಇಲ್ಲಿಯವರೆಗೆ ಗೊತ್ತಿರಲಿಲ್ಲ. ಆವತ್ತು ಬರಿಯ ಕಂಬವಾಗಿತ್ತು. ನಸುಕಿನಲ್ಲಿ ಗೇಟಿನ ಹತ್ತಿರ ಹಾಲಿನವರು ನಿಂತಿರುತ್ತಾರೆ, ಮೊದಲ ಬಸ್ಸಿಗೆ ಹೋಗುವ ದಾದಿಯರು ನಿಂತಿರುತ್ತಾರೆ.

"ಮೇಷ್ಟ್ರೇ," ಎಂದಳು ಅಕ್ಕ, "ನಿಮ್ಮ ಕುರ್ಚಿಗೆ ಚಕ್ರ ಯಾಕೆ ಇಟ್ಟಿದಾರೆ?"

ಅವನಿಗೆ ತಿಳಿಯಲಿಲ್ಲ.

"ನೀವು ನಡು ಮಾನಿಟರಿನ ಎದುರಿಗೆ ಕೂತ್ರೆ ಇದು ಎಡಕ್ಕಾಗತ್ತೆ. ಇದರ ಎದುರಿಗೇ ಕೂತ್ರೆ? ಮೂರೂ ನಿಮ್ಮ ಬಲಗಡೇನೇ ಅಲ್ವಾ?" ಹೇಳುತ್ತಲೇ ಅವಳು ಕುರ್ಚಿಯ ಬೆನ್ನು ಹಿಡಿದು, ಅವನು ಅದರಲ್ಲಿ ಕೂತಿರುವಂತೆಯೇ, ಗಡಗಡ ಎಳೆದು ಮೇಜಿನ ಎಡತುದಿಗೆ ತಂದು ನಿಲ್ಲಿಸಿದಳು. ಎಡಕ್ಕೆ ಈಗ ಗೋಡೆ ಮಾತ್ರ. ಮೂರು ಮಾನಿಟರುಗಳೂ ಬಲಕ್ಕೆ ಸಾಲಾಗಿ ತೆರೆದುಕೊಂಡವು. ಕಳೆದುಹೋಗಿದ್ದ ವೇಳಾಪಟ್ಟಿ ನಡು ಮಾನಿಟರಿನ ಎಡ ಅರ್ಧದಲ್ಲಿ ಏನೂ ಆಗದ ಹಾಗೆ ಕೂತಿತ್ತು. ನಾಲ್ಕು ತಿಂಗಳು ಅವನು ಎಲ್ಲ ವಿಂಡೋಗಳನ್ನೂ ಎಳೆದು ದಣಿದಿದ್ದ. ತಾನೇ ಮೂರು ಅಡಿ ಸರಿಯಬಹುದು ಎಂದು ಹೊಳೆದಿರಲಿಲ್ಲ. ಹೊಳೆಯುವುದು ಹೇಗೆ, ಸರಿದು ಕೂತರೆ ಯಾಕೆ ಸರಿದಿರಿ ಎಂದು ಯಾರಾದರೂ ಕೇಳುತ್ತಿದ್ದರು. ಅಕ್ಕ ಹಳೆಯ ಟೀ ಎತ್ತಿಕೊಂಡು, ಬಿಸಿ ಲೋಟವನ್ನು ಅವನ ಬಲಗೈಗೇ ಕೊಟ್ಟಳು. ಅವನು ಕುಡಿದ. ಸಕ್ಕರೆ ಹೆಚ್ಚಾಗಿತ್ತು. ಕಣ್ಣು ತುಂಬಿ ಬಂದದ್ದಕ್ಕೆ, ಟೀ ಸುಡುತ್ತಿದೆ ಎಂದ.

ಮಧ್ಯಾಹ್ನದವರೆಗೆ ಅವನು ತಲೆ ಎತ್ತಲಿಲ್ಲ. ನಲವತ್ತೇಳನ್ನು ಒಡೆದು ಕೊನೆಯ ಎರಡು ಸುತ್ತುಗಳನ್ನು ಬೇರೆ ಪಾಳಿಗೆ ಸೇರಿಸಿದ; ಕೆಂಪು ಚೌಕದ ಕಾಲಮ್ಮನ್ನು ಹಿಡಿದೆಳೆದು ಸಾಲಿನ ಬಲತುದಿಗೆ ತಂದ; ಯಾವ ವಿಂಡೋ ಯಾವುದರ ಮೇಲೂ ಹತ್ತದ ಹಾಗೆ ಸಾಫ್ಟ್‌ವೇರಿಗೆ ಹೊಸದಾಗಿ ಪಾಠ ಹೇಳಿಕೊಟ್ಟ. ಇಡೀ ಪಟ್ಟಿಯನ್ನು ಒಮ್ಮೆ ಅವನು, ಒಮ್ಮೆ ಅಕ್ಕ ಓದಿದರು. ಆಮೇಲೆ ಬಾಣ ಯಾವ ಕೋಣೆಯಲ್ಲಿದೆ ಎಂದು ನೋಡಿಕೊಂಡು, ಮುಖ್ಯಸ್ಥರಿಗೆ ಆ ವಾಕ್ಯವನ್ನು ಬರೆದ, ಕೆಂಪು ಚೌಕದ ವಿಷಯವನ್ನೂ ಬರೆದ. ಹತ್ತು ನಿಮಿಷಕ್ಕೆ ಫೋನು ಬಂತು. ಮುಖ್ಯಸ್ಥರು ಬೈಯಲಿಲ್ಲ, ಅದು ಬೈದದ್ದಕ್ಕಿಂತ ಭಾರವಾಗಿತ್ತು. "ಆ ಹೆಣ್ಮಗಳ ಮೆಮೊ ಇವತ್ತೇ ವಾಪಸ್ ತಗೋತೀನಿ," ಎಂದರು. "ನಿಮ್ಮದು... ಡಾಕ್ಟ್ರ ಕಾಗದ ತನ್ನಿ. ಇಬ್ಬರು ಸೇರಿ ತಪಾಸಣೆ ಮಾಡೋದಾದ್ರೆ ನೀವು ಅಲ್ಲೇ ಇರಬಹುದು. ಆದ್ರೆ ಆ ಚಾಲಕಿ ನಿಮ್ಮ ಮೇಲೆ ದೂರು ಬರೆದುಕೊಟ್ರೆ ಮಾತ್ರ ನನ್ನ ಕೈಲಿ ಏನೂ ಇರಲ್ಲ. ಮೇಜು ಬಿಡಬೇಕಾಗತ್ತೆ."

ಫೋನಿಟ್ಟ ಮೇಲೆ ಅವನಿಗೆ ಹಗುರಾಗಬೇಕಿತ್ತು. ಆಗಲಿಲ್ಲ. ಇಷ್ಟು ಸುಲಭವೇ? ಒಂದು ಸಾಲು ಬರೆದು, ಒಂದು ಲೋಟ ಟೀ ಕುಡಿದು, ಮೂರು ಅಡಿ ಸರಿದು? ಅವಳು ಮೂರು ವಾರ ಆ ಮೆಮೊ ಹೊತ್ತುಕೊಂಡು ಬಸ್ಸು ಓಡಿಸಿದ್ದಾಳೆ. ಅವನೊಂದು ಹಾಳೆ ತೆಗೆದುಕೊಂಡು, ಕೈಬರಹದಲ್ಲೇ, ಅವಳ ಪರವಾಗಿ ತನ್ನ ಮೇಲೆ ದೂರು ಬರೆದ. ಬರೆಯುತ್ತ ಬರೆಯುತ್ತ ಮಾತು ತಾನಾಗಿ ಬಂತು, ಸಾಲುಗಳಿಗೆ ಲಯ ಕೂಡ ಬಂತು.

ಗುಡುಗಮ್ಮ ಮೂರು ಗಂಟೆಗೆ, ಪಾಳಿ ಮುಗಿಸಿ, ಬೆವರಿದ ಸಮವಸ್ತ್ರದಲ್ಲೇ ಮೆಟ್ಟಿಲು ಹತ್ತಿ ಬಂದಳು. "ಕರೆದ್ರಂತೆ?" ಗಾಜು ಅದುರಿತು.

ಅವನು ಎದ್ದು ನಿಂತು ಹೇಳಿದ. ಎಡಗಡೆಯದು, ಸಣ್ಣ ವಿಂಡೋದ್ದು, ಕೆಂಪು ಚೌಕದ್ದು, ಹಿಂದೆಮುಂದೆ ಮಾಡದೆ ಎಲ್ಲ. ಅವಳು ಕೇಳಿಸಿಕೊಂಡಳು.

"ಅಂದ್ರೆ ನನಗೆ ನಿದ್ದೆ ಬಂದಿದ್ದು ನಿಜ ಅಂತ ಈಗ ಗೊತ್ತಾಯ್ತಾ?"

"ಹೌದಮ್ಮಾ."

"ಅವತ್ತು ನೀವೂ ನಕ್ಕಿದ್ರಿ."

"ನಕ್ಕಿದ್ದೆ."

"ಕಂಬ ಆಗಿದ್ದಕ್ಕೆ ಸರಿ. ಮನುಷ್ಯ ಆಗಿದ್ರೆ?" ಅವಳ ದನಿ ಮೊದಲ ಸಲ ಸಣ್ಣದಾಯಿತು. "ನಾನು ಏನಂದ್ಕೊಂಡಿದ್ದೆ ಗೊತ್ತಾ? ನನಗೆ ವಯಸ್ಸಾಯ್ತು, ಇನ್ನು ಓಡ್ಸೋಕಾಗಲ್ಲ ಅಂತ. ಮನೇಲೂ ಹೇಳಿರ್ಲಿಲ್ಲ."

ಅವನು ಮೇಜಿನ ಮೇಲಿನ ಹಾಳೆಯನ್ನು ಅವಳತ್ತ ಸರಿಸಿದ. ಅವಳು ತುಟಿ ಅಲ್ಲಾಡಿಸುತ್ತ ಪೂರ್ತಿ ಓದಿದಳು.

"ನನ್ನ ಹೆಸರಲ್ಲಿ ನೀವೇ ಬರ್ದಿದೀರಾ? ಎಷ್ಟು ಚೆಂದ ಬರ್ದಿದೀರಿ! ನನಗೆ ನಿಮ್ಮ ಮೇಲೆ ಇಷ್ಟು ಸಿಟ್ಟಿದೆ ಅಂತ ನನಗೇ ಗೊತ್ತಿರ್ಲಿಲ್ಲ." ಪಾಳಿ ಅಕ್ಕ ಎದುರು ಮೇಜಿನಲ್ಲಿ ಕೆಮ್ಮಿದಳು. "ಮೆಮೊ ಹೋಯ್ತು ತಾನೆ?"

"ಹೋಯ್ತು."

"ಪಾಳಿ ಸರಿ ಆಯ್ತು ತಾನೆ?"

"ಆಯ್ತು. ನೋಡಿ, ಇಲ್ಲಿ."

ಅವಳು ಬಗ್ಗಿ ನೋಡಿದಳು, ತನ್ನ ಸಾಲಿನ ಮೇಲೆ ಬೆರಳಿಟ್ಟು ಕೊನೆಯವರೆಗೆ ಓಡಿಸಿದಳು. "ಇನ್ಮೇಲೆ ಪ್ರತಿ ಹೊಸ ಪಟ್ಟೀನೂ ನಾನೇ ಮೇಲೆ ಬಂದು ನೋಡ್ತೀನಿ. ನಿಮ್ಮನ್ನ ನಂಬಿ ಕೂರಲ್ಲ." ಆಮೇಲೆ ನೆಟ್ಟಗಾಗಿ, "ಬೇರೆ ಡಿಪೋಲಿ ನಮ್ಮ ಹೆಂಗಸರು ನೀರು ಕುಡಿಯೋದೇ ಬಿಟ್ಟಿದಾರೆ. ಪಾಯಖಾನೆಗೆ ಹೋಗೋಕೆ ಟೈಮೇ ಇಲ್ಲ ಅವರ ಪಟ್ಟೀಲಿ. ನಮಗೆ ಕೊನೇ ಸ್ಟಾಪಲ್ಲಿ ಮೂರು ನಿಮಿಷ ಇದೆ. ಅದನ್ನ ಹಾಕಿದ್ದು ನೀವಲ್ವಾ?"

ಅವನೇ ಹಾಕಿದ್ದ, ವರ್ಷಗಳ ಹಿಂದೆ. ಯಾರೂ ಕೇಳಿರಲಿಲ್ಲ. ಪದ್ಯದಲ್ಲಿ ಅಮ್ಮ ಉಸಿರು ತೆಗೆದುಕೊಳ್ಳುವ ಕಡೆ ಒಂದು ಜಾಗ ಇರುತ್ತಿತ್ತು, ಹಾಗೆ ಬಸ್ಸಿಗೂ ಇರಲಿ ಎನ್ನಿಸಿ ಹಾಕಿದ್ದ, ಮರೆತಿದ್ದ. ಅದು ಇಷ್ಟು ವರ್ಷ ಯಾರಿಗೋ ಗೊತ್ತಿತ್ತು ಎನ್ನುವುದು ಅವನನ್ನು ನಿಂತಲ್ಲೇ ಅಲ್ಲಾಡಿಸಿತು. ಆದರೂ ಅವನು ಪೆನ್ನು ತೆಗೆದು, ಅವಳ ಕಡೆ ಚಾಚಿದ.

"ಒಂದು ಸಹಿ ಹಾಕ್ಬಿಡಮ್ಮಾ. ನನಗೆ ಸಮಾಧಾನ ಆಗತ್ತೆ."

"ನಿಮ್ಮ ಸಮಾಧಾನಕ್ಕೆ ನಾನು ಸಹಿ ಹಾಕ್ಬೇಕಾ?"

"ಕೇಳ್ಕೋತೀನಿ."

"ಹಾಕಲ್ಲ," ಎಂದಳು ಗುಡುಗಮ್ಮ.